ವಿಳಾಸದ ಕೊನೆಯ ಪದ

ಅಂಚೆಯ ಪತ್ರದ ಮೇಲೆ ಹೆಸರು, ಬೀದಿ, ಊರು, ಜಿಲ್ಲೆ ಎಂಬ ಕ್ರಮದಲ್ಲಿ ವಿಳಾಸವಿರುತ್ತದೆ. ಆದರೆ ಪತ್ರಗಳನ್ನು ವಿಂಗಡಿಸುವವನು ಅದನ್ನು ಕೊನೆಯಿಂದ ಓದುತ್ತಾನೆ; ಜಿಲ್ಲೆ ತಿಳಿಯದೆ ಬೀದಿ ತಿಳಿದು ಫಲವಿಲ್ಲ. ಅಂತರಜಾಲದ ಹೆಸರುಗಳೂ ಹೀಗೆಯೇ. ಅಲ್ಲಿಯೂ ಕೊನೆಯ ಚುಕ್ಕಿಯ ಬಲಕ್ಕಿರುವ ಪದವೇ ಹಿರಿದು.

ಮೊದಮೊದಲು ಜಾಲದ ಗಣಕಯಂತ್ರಗಳ ಹೆಸರುಗಳೆಲ್ಲವೂ ಒಂದೇ ಪಟ್ಟಿಯಲ್ಲಿದ್ದವು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿಯ ನಿರ್ವಹಣೆ ದುಸ್ತರವಾಯಿತು. 1983ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ಮೊಕಪೆಟ್ರಿಸ್ ಅವರು ಹೆಸರುಗಳನ್ನು ಮರದ ಕೊಂಬೆಗಳಂತೆ ಹಂಚುವ ವ್ಯವಸ್ಥೆಯನ್ನು ರೂಪಿಸಿದರು. 1985ರಲ್ಲಿ ವಾಣಿಜ್ಯಕ್ಕೆ 'ಕಾಮ್', ವಿದ್ಯಾಸಂಸ್ಥೆಗಳಿಗೆ 'ಎಡು', ಅಮೆರಿಕದ ಸರ್ಕಾರಕ್ಕೆ 'ಗವ್', ಸೈನ್ಯಕ್ಕೆ 'ಮಿಲ್', ಜಾಲ ನಿರ್ವಾಹಕರಿಗೆ 'ನೆಟ್', ಇತರ ಸಂಸ್ಥೆಗಳಿಗೆ 'ಆರ್ಗ್' ಎಂಬ ಅಂತ್ಯಪದಗಳು ಬಳಕೆಗೆ ಬಂದವು. ದೇಶಗಳಿಗೆ ಎರಡಕ್ಷರದ ಅಂತ್ಯಪದಗಳನ್ನು ಗೊತ್ತುಪಡಿಸಲಾಯಿತು. 1989ರಲ್ಲಿ ಭಾರತಕ್ಕೆ 'ಇನ್' ದೊರೆಯಿತು. ಇಂದು ಕನ್ನಡ ಲಿಪಿಯಲ್ಲಿಯೇ 'ಭಾರತ' ಎಂಬ ಅಂತ್ಯಪದವೂ ಉಂಟು. ಪೆಸಿಫಿಕ್ ಸಾಗರದ ಪುಟ್ಟ ದೇಶ ಟುವಾಲುವಿಗೆ 'ಟಿವಿ' ಎಂಬ ಅಕ್ಷರಗಳು ಬಂದವು. ದೃಶ್ಯಮಾಧ್ಯಮದವರು ಅವನ್ನು ಬಯಸಿದ್ದರಿಂದ ಅವೇ ಆ ದೇಶಕ್ಕೆ ಆದಾಯದ ಮೂಲವಾದವು.

ಎಲ್ಲ ಅಂತ್ಯಪದಗಳಿಗೂ ಸಮಾನವಾದ ಕಾವಲಿಲ್ಲ. 'ಕಾಮ್', 'ಆರ್ಗ್'ಗಳನ್ನು ಶುಲ್ಕ ತೆತ್ತು ಯಾರಾದರೂ ಪಡೆಯಬಹುದು. 'ಆರ್ಗ್' ಎಂದಮಾತ್ರಕ್ಕೆ ಅದು ಸೇವಾಸಂಸ್ಥೆಯೆಂದು ನಂಬಲಾಗದು. 'ಗವ್.ಇನ್' ಮಾತ್ರ ಭಾರತದ ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ವಂಚನೆಯನ್ನು ತಡೆಯಲು ರಿಸರ್ವ್ ಬ್ಯಾಂಕು 2025ರಲ್ಲಿ ದೇಶದ ಬ್ಯಾಂಕುಗಳಿಗೆ 'ಬ್ಯಾಂಕ್.ಇನ್' ಎಂಬ ಮೀಸಲು ಅಂತ್ಯವನ್ನು ವಿಧಿಸಿತು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಬಾಲಕಿಯೊಬ್ಬಳನ್ನು ಊಹಿಸಬಹುದು. ಅವಳಿಗೆ ಬಂದ ಸಂದೇಶದ ವಿಳಾಸದಲ್ಲಿ 'ಕರ್ನಾಟಕ.ಗವ್.ಇನ್' ಎಂದು ಮೊದಲಿಗೇ ಇದೆ. ಆದರೆ ಅದರ ಬಲಕ್ಕೆ ಇನ್ನೊಂದು ಚುಕ್ಕಿ, ಯಾವುದೋ ಅಪರಿಚಿತ ಹೆಸರು, ಕಡೆಗೆ 'ಕಾಮ್'. ಮೊದಲ ಪದಗಳನ್ನಷ್ಟೇ ನೋಡಿದರೆ ತಂದೆಯ ಬ್ಯಾಂಕ್ ಖಾತೆಯ ಗುಟ್ಟು ವಂಚಕರ ಪಾಲಾಗುತ್ತದೆ. ಹೆಸರು ಮುಗಿದು ಓರೆಗೆರೆ ಬರುವ ಮುನ್ನ ಇರುವ ಕೊನೆಯ ಪದಗಳನ್ನು ಅವಳು ಓದಿದರೆ ಆ ಮೋಸ ಬಯಲಾಗುತ್ತದೆ.

ಮುಖವನ್ನು ಅನುಕರಿಸುವುದು ಸುಲಭ. ಕಾವಲಿರುವ ಮನೆತನದ ಹೆಸರನ್ನು ಕದಿಯುವುದು ಕಷ್ಟ. ವಿಳಾಸವನ್ನು ಕೊನೆಯವರೆಗೆ ಓದುವ ತಾಳ್ಮೆಯೇ ಈ ಕಾಲದ ಅಕ್ಷರಜ್ಞಾನದ ಒಂದು ಭಾಗವಾಗಿದೆ.