ದೊಡ್ಡ ಸಮ್ಮೇಳನ, 15 ನಿಮಿಷ: ಮೊದಲ ಸಲ ಪ್ರಬಂಧ ಮಂಡಿಸುವ ಶಿಕ್ಷಕರಿಗೆ

403ರಲ್ಲಿ 168 ಕಳೆಯಿರಿ ಎಂದರೆ ಕೆಲವು ಮಕ್ಕಳು 365 ಎಂದು ಬರೆಯುತ್ತಾರೆ. ಸರಿ ಉತ್ತರ 235. ಆದರೆ 365 ಸುಮ್ಮನೆ ಗೀಚಿದ ಸಂಖ್ಯೆಯಲ್ಲ. ಬಿಡಿ ಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲ, ಹಾಗಾಗಿ ಮಗು 8ರಿಂದ 3 ಕಳೆದು 5 ಬರೆದಿದೆ. ಹತ್ತರ ಸ್ಥಾನದಲ್ಲಿ 0ಯಿಂದ 6 ಹೋಗದು, ಅಲ್ಲಿ 6 ಬರೆದಿದೆ. ನೂರರ ಸ್ಥಾನದಲ್ಲಿ 3. ಯಾವ ಸ್ಥಾನವಾದರೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಮಗು ತಾನೇ ಮಾಡಿಕೊಂಡು, ಮೂರು ಕಡೆಯೂ ತಪ್ಪದೆ ಪಾಲಿಸಿದೆ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದ ವಸ್ತುವೇ ಇದು. ಮಕ್ಕಳ ಲೆಕ್ಕದ ತಪ್ಪುಗಳಿಗೂ ಒಂದು ಕ್ರಮವಿದೆ, ಆ ಕ್ರಮ ಹಿಡಿದರೆ ಮಗು ಮುಂದೆ ಎಲ್ಲಿ ತಪ್ಪುತ್ತದೆ ಎಂದೂ ಹೇಳಬಹುದು ಎಂದು ಅವರು ತೋರಿಸಿದರು.

ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷ ಗಣಿತ ಕಲಿಸಿದ ಯಾರಿಗಾದರೂ ಇಂಥ ಪುಟಗಳು ಹೊಸದಲ್ಲ. ಆದರೂ ದೊಡ್ಡ ಸಮ್ಮೇಳನಕ್ಕೆ ಪ್ರಬಂಧ ಕಳುಹಿಸುವ ಮಾತು ಬಂದಾಗ ಅನೇಕ ಶಿಕ್ಷಕರು ಈ ನೋಟ್‌ಬುಕ್ ಮುಚ್ಚಿಟ್ಟು ‘21ನೇ ಶತಮಾನದ ಗಣಿತ ಬೋಧನೆಯ ಸವಾಲುಗಳು’ ಎಂಬಂಥ ವಿಷಯ ಹಿಡಿಯುತ್ತಾರೆ. ಮೊದಲ ಮಂಡನೆ ಸೋಲುವುದು ಹೆಚ್ಚಾಗಿ ಇಲ್ಲೇ, ವೇದಿಕೆಯ ಮೇಲಲ್ಲ.

ವಿಷಯ ಚಿಕ್ಕದಿರಲಿ

ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಆರಂಭಿಸಿದ ‘ಎಪಿಸ್ಟೀಮ್’ ಸಮ್ಮೇಳನಕ್ಕೆ ದೇಶ ವಿದೇಶಗಳಿಂದ ಶಿಕ್ಷಣ ಸಂಶೋಧಕರು ಬರುತ್ತಾರೆ. ಶಿಕ್ಷಕರಿಗಾಗಿಯೇ ನಡೆಯುವ ಸಮಾವೇಶಗಳೂ ಇವೆ. ಇಂಥ ಕಡೆ ಕುಳಿತಿರುವವರು ಮಕ್ಕಳ ಕಲಿಕೆಯ ಬಗ್ಗೆ ಬರೆದ ಪಿಯಾಜೆ, ವೈಗಾಟ್‌ಸ್ಕಿ ಎಲ್ಲರನ್ನೂ ಓದಿರುತ್ತಾರೆ. ಅವರನ್ನು ಮತ್ತೆ ಪರಿಚಯಿಸಬೇಕಾಗಿಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ಅವೇ ಮಕ್ಕಳ ಪಕ್ಕ ಕುಳಿತು, ಅದೇ ತಪ್ಪು ಹೇಗೆ ಬಂತು, ಯಾವ ವಾರ ಹೋಯಿತು, ಪರೀಕ್ಷೆ ಹತ್ತಿರ ಬಂದಾಗ ಹೇಗೆ ಮರಳಿತು ಎಂದು ನೋಡಿದವರು ಆ ಸಭೆಯಲ್ಲಿ ಕಡಿಮೆ. ಶಿಕ್ಷಕರಿಂದ ಅವರು ಕೇಳಬಯಸುವುದು ಅದನ್ನೇ.

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ನಿದರ್ಶನವಿದೆ. 1972ರಲ್ಲಿ ಮಧ್ಯಪ್ರದೇಶದ 16 ಶಾಲೆಗಳಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಶಿಕ್ಷಕರು ತಿಂಗಳ ಸಭೆಗಳಲ್ಲಿ ಸೇರಿ, ತರಗತಿಯಲ್ಲಿ ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂದು ಹೇಳುತ್ತಿದ್ದರು. ‘ಬಾಲ ವೈಜ್ಞಾನಿಕ’ ಪಠ್ಯದ ಪಾಠಗಳು ಆ ಮಾತುಗಳ ಆಧಾರದ ಮೇಲೆ ತಿದ್ದುಪಡಿಯಾದವು. ಹಳ್ಳಿ ಶಾಲೆಯ ಶಿಕ್ಷಕರ ಅನುಭವಕ್ಕೆ ಪಠ್ಯಪುಸ್ತಕವನ್ನೇ ಬದಲಿಸುವ ತೂಕ ಇತ್ತು.

ವಿಷಯ ಆರಿಸುವಾಗ ಒಂದು ಪರೀಕ್ಷೆ ಸಾಕು. ಹೇಳಬೇಕಾದದ್ದನ್ನು ಪಕ್ಕದ ಶಾಲೆಯ ಶಿಕ್ಷಕರಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ‘ನಾಲ್ಕನೇ ತರಗತಿಯ ಮಕ್ಕಳು ನಡುವೆ ಸೊನ್ನೆ ಇರುವ ಸಂಖ್ಯೆಯಲ್ಲಿ ದಶಕ ತೆಗೆದು ಕಳೆಯುವಾಗ ಎಡವುತ್ತಿದ್ದರು. ಕಡ್ಡಿ ಕಟ್ಟು ಬಿಚ್ಚಿ ಎಣಿಸಲು ಕೊಟ್ಟ ಮೇಲೆ ಯಾರು ಸುಧಾರಿಸಿದರು, ಯಾರು ಇಲ್ಲ ಎಂದು ನೋಡಿದೆ.’ ಇಷ್ಟು ವಿಷಯ 15 ನಿಮಿಷಕ್ಕೆ ಧಾರಾಳ. ಸುಧಾರಿಸದ ಮಕ್ಕಳ ಮಾತು ಬಿಡಲೇಬಾರದು. ಎಲ್ಲವೂ ಚೆನ್ನಾಗಿ ನಡೆಯಿತು ಎನ್ನುವ ಪ್ರಬಂಧವನ್ನು ಅನುಭವಸ್ಥರು ನಂಬುವುದಿಲ್ಲ.

ಸಾರಾಂಶ, ಅನುಮತಿ

ಸಮ್ಮೇಳನದವರು ಮೊದಲು ಕೇಳುವುದು ಸಾರಾಂಶ. ಪ್ರಶ್ನೆ ಏನು, ಯಾವ ತರಗತಿ, ಎಷ್ಟು ಮಕ್ಕಳು, ಏನು ಮಾಡಲಾಯಿತು, ಏನು ಕಂಡಿತು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ‘ಫಲಿತಾಂಶವನ್ನು ಚರ್ಚಿಸಲಾಗುವುದು’ ಎಂದು ಬರೆದರೆ ಫಲಿತಾಂಶ ಇನ್ನೂ ಬಂದಿಲ್ಲ ಎಂದೇ ಅರ್ಥ. ಹೇಳಿರುವ ಪದಮಿತಿ ಮೀರಬಾರದು.

ಇಮೇಲ್‌ನಲ್ಲಿ ‘ಗೌರವಾನ್ವಿತ ವಿದ್ವಾಂಸರೇ’ ಎಂದು ಹೊಗಳಿ, ಎರಡೇ ದಿನದಲ್ಲಿ ಪ್ರಬಂಧ ಒಪ್ಪಿ, ಕೂಡಲೇ ಶುಲ್ಕ ಕಟ್ಟಿ ಎನ್ನುವ ಸಮ್ಮೇಳನಗಳ ಬಗ್ಗೆ ಎಚ್ಚರ ಇರಲಿ. ಹಿಂದಿನ ವರ್ಷಗಳ ಕಾರ್ಯಕ್ರಮ ಪಟ್ಟಿ, ಪ್ರಕಟವಾದ ಪ್ರಬಂಧಗಳು, ಸಮಿತಿಯಲ್ಲಿರುವವರು ಯಾರು ಎಂದು ನೋಡಿದರೆ ಹೆಚ್ಚಿನವುಗಳ ಬಂಡವಾಳ ಬಯಲಾಗುತ್ತದೆ.

ಸರ್ಕಾರಿ ಶಾಲೆಯವರು ಒಪ್ಪಿಗೆ ಪತ್ರ ಬಂದ ದಿನವೇ ಅದನ್ನು ಲಗತ್ತಿಸಿ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಓಓಡಿ (ಅನ್ಯ ಕಾರ್ಯ ನಿಮಿತ್ತ) ಅರ್ಜಿ ಕೊಡುವುದು ಒಳ್ಳೆಯದು. ಕಡತ ಮೇಜಿನಿಂದ ಮೇಜಿಗೆ ಹೋಗಲು ಸಮಯ ಬೇಕು. ರೈಲು ಟಿಕೆಟ್ ಅದಕ್ಕೆ ಕಾಯುವುದಿಲ್ಲ.

ಸ್ಲೈಡ್ ಎಂದರೆ ಫಾಂಟ್ ಕೂಡ

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇಂಗ್ಲಿಷಿನಲ್ಲಿ ಮಾಡುವವರಿಗಿಲ್ಲದ ಒಂದು ಅಪಾಯವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲವೂ ಚೆಂದ. ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸಿಕೊಂಡು ಬರುತ್ತವೆ, ಒಂದು ಪದವೂ ಓದಲು ಬಾರದು. ಆ ಗಳಿಗೆಯಲ್ಲಿ ಅದನ್ನು ಸರಿಪಡಿಸಲು ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ಟೈಪ್ ಮಾಡುವಾಗಲೇ ಯೂನಿಕೋಡ್ ಇರಬೇಕು. ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಇದೆ; ಹಳೆಯ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳೂ ಸಿಗುತ್ತವೆ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ, ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ನಂಬಬಹುದಾದ ಫಾಂಟ್‌ಗಳು. ಇಷ್ಟಾದ ಮೇಲೂ ಹಳೆಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಮುರಿದು ಕಾಣಬಹುದು. ಪವರ್‌ಪಾಯಿಂಟ್ ಕಡತದ ಜೊತೆ ಅದರ ಪಿಡಿಎಫ್ ಪ್ರತಿಯೂ ಪೆನ್‌ಡ್ರೈವ್‌ನಲ್ಲಿ ಮತ್ತು ಇಮೇಲ್‌ನಲ್ಲಿ ಇದ್ದರೆ ಆ ಚಿಂತೆಯೂ ಇಲ್ಲ.

ಅಕ್ಷರದ ಗಾತ್ರ 28ಕ್ಕಿಂತ ಕಡಿಮೆ ಬೇಡ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಶಾಲೆಯ ಸ್ಮಾರ್ಟ್ ಕ್ಲಾಸ್ ಪರದೆಗೆ ಸ್ಲೈಡ್ ಹಾಕಿ ಕೊನೆಯ ಬೆಂಚಿನಲ್ಲಿ ಕುಳಿತು ಓದಿದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತಾನೇ ಗೊತ್ತಾಗುತ್ತದೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರು ಯಾವ ದೊಡ್ಡ ಸಭೆಯಲ್ಲೂ ಇರುತ್ತಾರೆ, ಹಾಗಾಗಿ ಸರಿ ತಪ್ಪುಗಳನ್ನು ಆ ಎರಡು ಬಣ್ಣಗಳಿಂದ ಮಾತ್ರ ಸೂಚಿಸಬಾರದು. ಒಟ್ಟು ಹತ್ತು ಸ್ಲೈಡ್ ದಾಟದಿದ್ದರೆ ಒಳ್ಳೆಯದು.

ಹತ್ತರಲ್ಲಿ ಅತಿ ಮುಖ್ಯವಾದದ್ದು ಮಗುವಿನ ಕೈಬರಹ. 403ರ ಲೆಕ್ಕವನ್ನು ಚೆಂದವಾಗಿ ಟೈಪ್ ಮಾಡಿ ತೋರಿಸುವುದಕ್ಕೂ, ಪೆನ್ಸಿಲಿನಲ್ಲಿ ಬರೆದು, ಒಮ್ಮೆ ಅಳಿಸಿ, ಮತ್ತೆ 365 ಎಂದೇ ಬರೆದ ಪುಟವನ್ನು ತೋರಿಸುವುದಕ್ಕೂ ಅಜಗಜಾಂತರ. ಅಳಿಸಿದ ಗುರುತು ಕಂಡ ಕೂಡಲೇ ನೋಡುವವರಿಗೆ ಮಗು ಯೋಚಿಸಿದ್ದು ಗೊತ್ತಾಗುತ್ತದೆ. ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಇಡೀ ಪುಟ ಬೇಡ, ಒಂದೇ ಲೆಕ್ಕ ಪರದೆ ತುಂಬಲಿ. ಮಗುವಿನ ಹೆಸರು, ಶಾಲೆಯ ಗುರುತು ಕತ್ತರಿಸಿಹೋಗಬೇಕು. ಮುಖ ಕಾಣುವ ಫೋಟೊ ಬೇಕೇ ಬೇಕೆಂದರೆ ಪೋಷಕರ ಲಿಖಿತ ಒಪ್ಪಿಗೆ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಕಾನೂನು ಇಲ್ಲದಿದ್ದರೂ, ತನ್ನ ತಪ್ಪು ನೂರಾರು ಜನರ ಮುಂದೆ ಬಂತೆಂದು ಆ ಮಗುವಿಗೆ ನೋವಾಗದ ಹಾಗೆ ನೋಡಿಕೊಳ್ಳಬೇಕಾದವರು ಶಿಕ್ಷಕರೇ.

ಗಡಿಯಾರ ಇಟ್ಟುಕೊಂಡು ಅಭ್ಯಾಸ

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರು ಮಾಡಿದವರು ಮೈಕಲ್ ಫ್ಯಾರಡೆ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ, ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ ತನ್ನ ಕಾಲದ ಶ್ರೇಷ್ಠ ವಿಜ್ಞಾನ ಉಪನ್ಯಾಸಕನಾಗಿದ್ದು ಹುಟ್ಟುಗುಣದಿಂದಲ್ಲ. ತಮ್ಮ ಮಾತಿನ ತಪ್ಪುಗಳನ್ನು ಗುರುತು ಹಾಕಿಕೊಡಲು ಅವರು ಗೆಳೆಯರೊಬ್ಬರನ್ನು ಸಭೆಯಲ್ಲಿ ಕೂರಿಸುತ್ತಿದ್ದರು. ಮಾತಿನ ವೇಗ ಹೆಚ್ಚದಂತೆ ‘ನಿಧಾನ’ ಎಂದು ಬರೆದ ಕಾರ್ಡನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದರು. ಸಮಯ ಮುಗಿಯುತ್ತ ಬಂದಾಗ ಎಚ್ಚರಿಸಲು ‘ಸಮಯ’ ಎಂಬ ಇನ್ನೊಂದು ಕಾರ್ಡೂ ಇತ್ತು.

ಈ ಉಪಾಯಗಳು ಇಂದಿಗೂ ನಡೆಯುತ್ತವೆ. ಸ್ಟಾಫ್ ರೂಮಿನಲ್ಲಿ ಒಮ್ಮೆ, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಮ್ಮೆ ಎದ್ದು ನಿಂತು, ಪೂರ್ತಿಯಾಗಿ, ಮೊಬೈಲಿನಲ್ಲಿ ಸಮಯ ಹಾಕಿಕೊಂಡು ಮಂಡಿಸಿ ನೋಡಬೇಕು. ಮನಸ್ಸಿನಲ್ಲೇ ಓದಿಕೊಂಡರೆ 10 ನಿಮಿಷಕ್ಕೆ ಮುಗಿಯುವುದು ಬಾಯಿಬಿಟ್ಟು ಹೇಳಿದಾಗ ಎಷ್ಟೋ ಹಿಗ್ಗುತ್ತದೆ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷಿನ ಲೆಕ್ಕ ನಮ್ಮ ಉದ್ದನೆಯ ಪದಗಳಿಗೆ ಹೊಂದುವುದೂ ಇಲ್ಲ. 15 ನಿಮಿಷ ಕೊಟ್ಟಿದ್ದರೆ ತಯಾರಿ 12 ನಿಮಿಷಕ್ಕೆ ಇರಲಿ.

ಸಮಯ ಸೋರುವ ದೊಡ್ಡ ಜಾಗ ಆರಂಭ. ನಮ್ಮ ಸಭೆಗಳಲ್ಲಿ ವೇದಿಕೆಯಲ್ಲಿರುವ ಪ್ರತಿಯೊಬ್ಬರ ಹೆಸರು ಹೇಳಿ ವಂದಿಸುವುದು ರೂಢಿ. ಪ್ರಬಂಧ ಗೋಷ್ಠಿಯಲ್ಲಿ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ‘ಎಲ್ಲರಿಗೂ ನಮಸ್ಕಾರ’ ಎಂದು ನೇರ 403ರ ಲೆಕ್ಕವನ್ನು ಪರದೆಗೆ ತಂದು, ‘ಈ ಮಗು ಏನು ಯೋಚಿಸಿರಬಹುದು?’ ಎಂದು ಕೇಳಿ ಕೆಲವು ಸೆಕೆಂಡು ಸುಮ್ಮನಿದ್ದರೆ ಇಡೀ ಸಭಾಂಗಣ ಲೆಕ್ಕ ಮಾಡತೊಡಗುತ್ತದೆ. ಶಿಕ್ಷಕರಿಗೆ ಇದು ದಿನನಿತ್ಯದ ವಿದ್ಯೆ. ಮೊದಲ ನಾಲ್ಕು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ, ನಡುವಿನದನ್ನು ಬಾಯಿಪಾಠ ಮಾಡಬಾರದು.

ಇಂಗ್ಲಿಷಿನ ಭಯ ಬೇರೆಯದೇ ಮಾತು. ರಾಷ್ಟ್ರೀಯ ಸಮ್ಮೇಳನಗಳಲ್ಲಿ ಹೆಚ್ಚಾಗಿ ಇಂಗ್ಲಿಷ್ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕೆಲಸ ಮಾಡಿದ ಕನ್ನಡ ಮಾಧ್ಯಮದ ಶಿಕ್ಷಕರು ಹಿಂದೆ ಸರಿಯುವುದು ನಿಜಕ್ಕೂ ನಷ್ಟ. ಚಿಕ್ಕ ಚಿಕ್ಕ ವಾಕ್ಯಗಳ ಸರಳ ಇಂಗ್ಲಿಷ್ ಸಾಕು. ಮಕ್ಕಳ ಮಾತನ್ನು ಮಾತ್ರ ಕನ್ನಡದಲ್ಲೇ ತೋರಿಸಿ, ಕೆಳಗೆ ಅನುವಾದ ಕೊಡಬೇಕು. ಮಗು ಹೇಳಿದ್ದು ಆ ಭಾಷೆಯಲ್ಲಿ, ಅದೇ ಆಧಾರ. ಭಾರತೀಯ ಭಾಷೆಗಳಲ್ಲಿ ಮಂಡಿಸಲು ಅವಕಾಶ ಇದೆಯೇ, ಪ್ರಶ್ನೆಗಳನ್ನು ಅನುವಾದಿಸಲು ಯಾರಾದರೂ ಸಿಗುತ್ತಾರೆಯೇ ಎಂದು ಸಂಘಟಕರಿಗೆ ಮೊದಲೇ ಬರೆದು ಕೇಳಲು ಸಂಕೋಚ ಬೇಡ.

ಮಂಡಿಸುವ ಮುನ್ನ ಬೇರೆಯವರ ಮಾತು ಕೇಳುವುದೂ ತಯಾರಿಯೇ. ಬೆಂಗಳೂರಿನವರಿಗೆ ಎಚ್. ನರಸಿಂಹಯ್ಯ 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿವೆ. ಕಠಿಣ ವಿಷಯವನ್ನು ಸಾಮಾನ್ಯ ಕೇಳುಗರ ಮುಂದೆ ಇಡುವವರು ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ಅಲ್ಲಿ ಗಮನಿಸಬಹುದು.

ಆ ದಿನ

ಗೋಷ್ಠಿಗೆ ಅರ್ಧ ಗಂಟೆ ಮೊದಲೇ ಸಭಾಂಗಣಕ್ಕೆ ಹೋಗಿ ಕಡತವನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿ ಒಂದೊಂದೇ ಸ್ಲೈಡ್ ನೋಡಬೇಕು. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಓಡುತ್ತಿರುವಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳಿ ಬರುತ್ತದೆ. ಕಡ್ಡಿ ಕಟ್ಟನ್ನು ಕೈಯಲ್ಲಿ ಹಿಡಿದು ಬಿಚ್ಚಿ ತೋರಿಸುವಾಗ ಇದು ಉಪಯೋಗಕ್ಕೆ ಬರುತ್ತದೆ. ಸ್ಲೈಡ್ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರ ಆ ಸ್ಲೈಡಿಗೆ ಹೋಗಬಹುದು.

ತರಗತಿಯ ಗಟ್ಟಿ ದನಿ ಇದ್ದರೂ ಮೈಕ್ ಬೇಡ ಎನ್ನಬಾರದು. ಹಿಂದೆ ಕುಳಿತವರಿಗೆ, ಕಿವಿ ಮಂದವಾದವರಿಗೆ ಅದು ಬೇಕು. ಕಾಲರ್ ಮೈಕ್ ಆದರೆ ಕೊರಳಿನ ಗುರುತು ಚೀಟಿ, ದುಪಟ್ಟಾ ಅದಕ್ಕೆ ಉಜ್ಜಿ ಕರಕರ ಸದ್ದು ಬರುತ್ತದೆ, ಮೊದಲೇ ತೆಗೆದಿಡಬೇಕು. ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಪರದೆ ನೋಡಬೇಕಾದಾಗ ಮಾತು ನಿಲ್ಲಿಸಿ ನೋಡಿ, ತಿರುಗಿ ಮತ್ತೆ ಮಾತಾಡಬೇಕು. ಒಂದೇ ವೇಳೆಗೆ ಹಲವು ಗೋಷ್ಠಿಗಳು ನಡೆಯುವುದರಿಂದ ಮಧ್ಯದಲ್ಲಿ ಕೆಲವರು ಎದ್ದು ಹೋಗುತ್ತಾರೆ. ಅವರಿಗೆ ಇನ್ನೊಂದು ಕೊಠಡಿಯಲ್ಲಿ ಕೇಳಬೇಕಾದ್ದಿದೆ, ಅಷ್ಟೇ.

ಗೋಷ್ಠಿಯ ಅಧ್ಯಕ್ಷರು ಎರಡು ನಿಮಿಷ ಉಳಿದಿದೆ ಎಂದು ಚೀಟಿ ತೋರಿಸಿದಾಗ ಉಳಿದ ಸ್ಲೈಡ್‌ಗಳನ್ನು ಓಡಿಸುವುದು ಬೇಡ. ನೇರ ಕೊನೆಯ ಸ್ಲೈಡಿಗೆ ಹೋಗಿ, ಬಾಯಿಪಾಠ ಮಾಡಿದ ಎರಡು ವಾಕ್ಯ ಹೇಳಿ ಮುಗಿಸುವುದು ಮೇಲು.

ಪ್ರಶ್ನೆ ಬಂದಾಗ

ಪ್ರಶ್ನೆಯನ್ನು ಮೈಕಿನಲ್ಲಿ ಒಮ್ಮೆ ತಮ್ಮ ಮಾತಿನಲ್ಲಿ ಮರುಹೇಳಬೇಕು. ಎಲ್ಲರಿಗೂ ಕೇಳಿಸುತ್ತದೆ, ಅರ್ಥವಾಗಿದ್ದು ಸರಿಯೇ ಎಂದು ಖಚಿತವಾಗುತ್ತದೆ, ಯೋಚಿಸಲು ಬಿಡುವೂ ಸಿಗುತ್ತದೆ. ಶಿಕ್ಷಕರಿಗೆ ಬರುವ ಸಾಮಾನ್ಯ ಪ್ರಶ್ನೆ, ‘ಒಂದೇ ಶಾಲೆಯ ಒಂದು ತರಗತಿ ನೋಡಿ ಹೇಗೆ ಹೇಳುತ್ತೀರಿ?’ ಎಂಬುದು. ಇದು ಅವಮಾನವಲ್ಲ, ನ್ಯಾಯವಾದ ಪ್ರಶ್ನೆ. ಎಲ್ಲ ಶಾಲೆಗಳಿಗೂ ಹೀಗೇ ಎನ್ನುತ್ತಿಲ್ಲ, ಈ ಮಕ್ಕಳಲ್ಲಿ ಕಂಡದ್ದು ಇದು, ಪುಟಗಳು ಇಲ್ಲಿವೆ ಎಂದರೆ ಉತ್ತರ ಪೂರ್ತಿ. ಕಡ್ಡಿ ಕೊಡದಿದ್ದರೂ ಮಕ್ಕಳು ಕಾಲಕ್ರಮೇಣ ಕಲಿಯುತ್ತಿದ್ದರಲ್ಲವೇ ಎಂದು ಕೇಳಿದರೆ, ಇನ್ನೊಂದು ವಿಭಾಗದೊಂದಿಗೆ ಹೋಲಿಸಿದ್ದರೆ ಅದನ್ನು ಹೇಳಬೇಕು; ಹೋಲಿಸಿಲ್ಲವಾದರೆ ಹೋಲಿಸಿಲ್ಲ ಎನ್ನಬೇಕು. ಗೊತ್ತಿಲ್ಲದ್ದಕ್ಕೆ ‘ಅದನ್ನು ನಾನು ನೋಡಿಲ್ಲ’ ಎಂದು ಒಪ್ಪಿದವರ ಉಳಿದ ಮಾತಿಗೆ ಬೆಲೆ ಹೆಚ್ಚುತ್ತದೆ.

ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರು ಎಲ್ಲೆಡೆ ಇರುತ್ತಾರೆ. ‘ಚಹಾ ವಿರಾಮದಲ್ಲಿ ಮಾತಾಡೋಣ ಸರ್’ ಎಂದರೆ ಸಾಕು. ನಿಜವಾದ ಲಾಭ ಆ ಚಹಾ ವಿರಾಮದಲ್ಲೇ ಇದೆ: ಬೇರೆ ರಾಜ್ಯದ ಶಿಕ್ಷಕರೊಬ್ಬರು ತಮ್ಮ ಮಕ್ಕಳ ಇಂಥದೇ ಪುಟವನ್ನು ಮೊಬೈಲಿನಲ್ಲಿ ತೋರಿಸಬಹುದು. ಅವರ ಹೆಸರು, ಇಮೇಲ್, ಅವರು ಹೇಳಿದ್ದೇನು ಎಂಬುದನ್ನು ಅಂದೇ ರಾತ್ರಿ ಬರೆದಿಡಬೇಕು. ಪೂರ್ಣ ಪ್ರಬಂಧ ಕಳುಹಿಸುವ ಗಡುವು ಯಾವಾಗ ಎಂದು ಸಂಘಟಕರನ್ನು ಕೇಳಿ ತಿಳಿದುಕೊಂಡು, ಬಂದ ಪ್ರಶ್ನೆಗಳನ್ನು ಅದರಲ್ಲಿ ಸೇರಿಸಿಕೊಳ್ಳಬೇಕು. ಹೊರಡುವ ಮುನ್ನ ಹಾಜರಾತಿ ಪ್ರಮಾಣಪತ್ರವನ್ನು ಸಹಿ, ಮೊಹರು, ದಿನಾಂಕ ನೋಡಿ ಪಡೆಯಬೇಕು. ಓಓಡಿಗೆ ಅದೇ ದಾಖಲೆ, ಊರಿಗೆ ಬಂದ ಮೇಲೆ ತರಿಸಿಕೊಳ್ಳುವುದು ಕಷ್ಟ.