'ಬರಾಕತ್ತಾನ' ಅಂದರೆ ಕಂಪ್ಯೂಟರಿಗೂ ತಿಳಿಯಬೇಕು

ಕಾಕತಿಯಿಂದ ದಿನಾ ಬೆಳಗಾವಿಗೆ ಇಂಜಿನಿಯರಿಂಗ್ ಕಲಿಯಲು ಹೋಗುವ ತಂಗೆವ್ವನಿಗೆ,

ಕಂಪ್ಯೂಟರ್ ಸೈನ್ಸ್ ಓದುವವಳಿಗೆ ವ್ಯಾಕರಣ ಯಾಕೆ ಬೇಕು ಅಂತ ಕೇಳಿದ್ದಿ. ನಮ್ಮೂರ ಮಾತು ಕಂಪ್ಯೂಟರಿಗೆ ತಿಳಿಯಬೇಕಾದರೆ ನಿನ್ನಂಥವರು ಭಾಷಾವಿಜ್ಞಾನ ಕಲಿಯಲೇಬೇಕು ಅನ್ನುವುದು ನನ್ನ ಉತ್ತರ.

ಮೊದಲು ಪುಸ್ತಕದ ಕನ್ನಡವನ್ನೇ ನೋಡು. ಕಡತದಲ್ಲಿ 'ಕಾಲ' ಎಂದು ಹುಡುಕಿದರೆ 'ಮಳೆಗಾಲ' ಸಿಗುವುದಿಲ್ಲ, ಕಕಾರ ಗಕಾರವಾಗಿದೆ. 'ಊರು' ಎಂದು ಹುಡುಕಿದರೆ 'ಊರಲ್ಲಿ' ತಪ್ಪಿಹೋಗುತ್ತದೆ, ಕೊನೆಯ ಉಕಾರ ಬಿದ್ದಿದೆ. ಶಾಲೆಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಆದೇಶಸಂಧಿ, ಲೋಪಸಂಧಿಗಳೇ ಇವು. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕಂದಪದ್ಯಗಳಾಗಿ ಕಟ್ಟಿಟ್ಟ ಇಂಥ ನಿಯಮಗಳನ್ನು ತಿರುಗುಮುರುಗಾಗಿ ನಡೆಸಿದರೆ ಪದ ಬಿಡಿಸುವ ಪ್ರೋಗ್ರಾಂ ಸಿದ್ಧವಾಗುತ್ತದೆ. ಆದರೆ ನಿಯಮವೊಂದೇ ಸಾಲದು. ಗಕಾರ ಕಂಡಿತೆಂದು 'ಸಾಗರ'ವನ್ನೂ ಒಡೆದರೆ ಕೆಲಸ ಕೆಟ್ಟಿತು. ಅದಕ್ಕೇ ನಿಘಂಟು ಬೇಕು. 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ಇಂದಿಗೂ ಕೆಲಸಕ್ಕೆ ಬರುವುದು ಇಂಥಲ್ಲಿ.

ಈಗ ನಮ್ಮ ಓಣಿಗೆ ಬಾ. 'ಅವ ಬರಾಕತ್ತಾನ' ಅನ್ನುತ್ತೇವೆ. ಪತ್ರಿಕೆಯಲ್ಲಿ ಅದು 'ಬರುತ್ತಿದ್ದಾನೆ'. ಪತ್ರಿಕೆಯ ಕನ್ನಡವನ್ನಷ್ಟೇ ಓದಿ ಬೆಳೆದ ಯಂತ್ರಕ್ಕೆ ನಮ್ಮ ಮಾತು ಗುರುತು ಸಿಗದ ಅಕ್ಷರಗಳ ಸಾಲು. ಭಾಷಾವಿಜ್ಞಾನಿ ಅದನ್ನು ಬಿಡಿಸುತ್ತಾನೆ: ಮೊದಲು 'ಬರು', ಅದಕ್ಕೆ 'ಆಕ' ಸೇರಿ 'ಬರಾಕ', ಆಮೇಲೆ 'ಹತ್ತು', ಕೊನೆಗೆ ಗಂಡಸು ಒಬ್ಬನೇ ಎಂದು ತಿಳಿಸುವ 'ಆನ'. ಈ 'ಹತ್ತು' ಏರುವುದೂ ಅಲ್ಲ, ಎಣಿಕೆಯೂ ಅಲ್ಲ, ಕ್ರಿಯೆ ನಡೆಯುತ್ತಿದೆ ಅಂತಷ್ಟೇ ಹೇಳುತ್ತದೆ. ಇಷ್ಟು ಕಂಡುಕೊಂಡರೆ ಮಾಡಾಕತ್ತೇನಿ, ಉಣ್ಣಾಕತ್ತಾರ, ಹೋಗಾಕತ್ತಾಳ ಎಲ್ಲವೂ ಒಂದೇ ನಿಯಮಕ್ಕೆ ಒಳಪಡುತ್ತವೆ.

ಈಗಿನ ಯಂತ್ರಗಳು ವ್ಯಾಕರಣ ಓದದೆ, ರಾಶಿ ರಾಶಿ ಬರಹ ಓದಿಯೇ ಕಲಿಯುತ್ತವಲ್ಲ ಎಂದು ನಿನ್ನ ಗೆಳತಿಯರು ಹೇಳಬಹುದು. ಇಂಗ್ಲಿಷಿನ ಮಟ್ಟಿಗೆ ಅದು ಬಹುತೇಕ ನಿಜ. ಆದರೆ ನಮ್ಮ ಆಡುಮಾತಿಗೆ ಬರಹದ ರಾಶಿಯೇ ಇಲ್ಲ. ಇರುವ ಸ್ವಲ್ಪದರಿಂದ ಹೆಚ್ಚು ಕಲಿಸಬೇಕಾದಾಗ ಏನು ಕೂಡಿಹಾಕಬೇಕು, ಪದವನ್ನು ಎಲ್ಲಿ ತುಂಡರಿಸಬೇಕು, ಯಂತ್ರ ಎಲ್ಲಿ ಎಡವಿತು ಅನ್ನುವುದನ್ನು ಭಾಷೆಯ ರಚನೆ ಬಲ್ಲವರೇ ಹೇಳಬೇಕು.

ಗಡಿಸೀಮೆಯವರಾದ ನಮಗೆ ಒಂದು ಅನುಕೂಲವೂ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡದ ಮಾತನ್ನು ಅಭ್ಯಾಸ ಮಾಡಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಲೇಖನ ಹುಡುಕಿ ಓದು. ಅಲ್ಲಿನ ಕನ್ನಡ, ಮರಾಠಿ, ಉರ್ದು ಶತಮಾನಗಳ ಒಡನಾಟದಲ್ಲಿ ಪದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿದ್ದನ್ನು ಅವರು ತೋರಿಸಿದರು. ಹೀಗಿದ್ದೂ ಕನ್ನಡದಿಂದ ಮರಾಠಿಗೆ ಹೋಗುವ ಯಂತ್ರದ ಅನುವಾದ ಎಷ್ಟೋ ಸಲ ಇಂಗ್ಲಿಷನ್ನು ಸುತ್ತಿ ಬರುತ್ತದೆ. ನಮ್ಮಲ್ಲಿ ನೀನು-ನೀವು ಇವೆ, ಮರಾಠಿಯಲ್ಲಿ ತೂ-ತುಮ್ಹಿ ಇವೆ, ನಡುವಿನ ಇಂಗ್ಲಿಷಿನಲ್ಲಿ ಎರಡಕ್ಕೂ 'ಯೂ' ಒಂದೇ. ಅಜ್ಜಿಗೆ ಕೊಟ್ಟ ಗೌರವ ದಾರಿಯಲ್ಲೇ ಕಳೆದುಹೋಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೆಳಗಾವಿಯಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇದೆ, 2010ರಿಂದ ನಮ್ಮೂರ ಮಗಳಾದ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವೂ ಇದೆ. ನಿನ್ನ ಪ್ರಾಜೆಕ್ಟಿಗೆ ಕನ್ನಡ ಎಂ.ಎ. ಓದುವ ಒಬ್ಬರನ್ನು ಜೊತೆಗೆ ಕರೆದುಕೋ. ಕಾಕತಿ, ಖಾನಾಪುರದ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೋ. ಆಡಿದ ಹಾಗೇ ಬರೆ, ತಿದ್ದಿ ಪುಸ್ತಕದ ಕನ್ನಡ ಮಾಡಬೇಡ. ಪ್ರತಿ ಕ್ರಿಯಾಪದವನ್ನೂ ಬಿಡಿಸಿ ಗುರುತು ಹಾಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಭಾರತದ ಭಾಷೆಗಳ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿ ಕನ್ನಡದ ಭಾಷಾಸಾಮಗ್ರಿಯನ್ನು ಹೇಗೆ ಕೂಡಿಟ್ಟಿದ್ದಾರೆ ಎಂದು ನೋಡಿ ಕಲಿ. ದೀಪಾವಳಿ ರಜೆಯಲ್ಲಿ ನಮ್ಮ ಮನೆಗೆ ಬಾ, ಮೊದಲ ಧ್ವನಿಮುದ್ರಣಕ್ಕೆ ನಿನ್ನ ಕಾಕಿಯೂ ನಾನೂ ಕೂರುತ್ತೇವೆ.

ಇಂತಿ ನಿನ್ನ ಕಾಕಾ,
ಕಾಕತಿ