ಹೋಮೇಜ್ ಕೈಗಡಿಯಾರಗಳು: ಸಂಗ್ರಹಯೋಗ್ಯತೆ ಮತ್ತು ಮಾರಾಟ ಮೌಲ್ಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಪೇಟೆಬೀದಿಗಳಲ್ಲಿ ಗಡಿಯಾರದ ಅಂಗಡಿಯೆಂದರೆ ಬಹುಮಟ್ಟಿಗೆ ಒಂದು ಗಾಜಿನ ಪೆಟ್ಟಿಗೆ ಮತ್ತು ಒಂದು ರಿಪೇರಿ ಮೇಜು. ವೇಳೆ ನೋಡುವ ಕೆಲಸವನ್ನು ಮೊಬೈಲ್ ಫೋನ್ ಕಸಿದುಕೊಂಡ ನಂತರ ಈ ವ್ಯಾಪಾರಕ್ಕೆ ಉಳಿದಿರುವುದು ಉಡುಗೊರೆ ಹಾಗೂ ಅಲಂಕಾರದ ಬೇಡಿಕೆ ಮಾತ್ರ. ಹೊಗೆಸೊಪ್ಪಿನ ಹರಾಜು ಆರಂಭವಾಗಿ ರೈತರ ಖಾತೆಗೆ ಹಣ ಬಂದ ಮೇಲೆ, ಕೆ.ಆರ್. ನಗರದ ಕಡೆ ಭತ್ತದ ಕಟಾವು ಮುಗಿದ ಮೇಲೆ, ಮದುವೆಯ ದಿನಗಳಲ್ಲಿ ಈ ಬೇಡಿಕೆ ಹೆಚ್ಚುತ್ತದೆ. ಆಗ ಗಾಜಿನ ಪೆಟ್ಟಿಗೆಯಲ್ಲಿ ಮೂರು ಬಗೆಯ ಸರಕು ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಾಣಬಹುದು: ಹೆಸರಾಂತ ಕಂಪನಿಯ ಹೊಸ ಗಡಿಯಾರ, ಹಳೆಯ ಎಚ್‌ಎಂಟಿ, ಮತ್ತು ಇತ್ತೀಚಿನ ವರ್ಷಗಳಲ್ಲಿ ಬಂದಿರುವ ‘ಹೋಮೇಜ್’ ಗಡಿಯಾರ. ಈ ಮೂರನೆಯದರ ಬಗ್ಗೆ ಗ್ರಾಹಕನು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಮುಂದೆ ಬೆಲೆ ಬರುತ್ತದೆಯೇ? ಬಂಡವಾಳ ಹೂಡುವ ವರ್ತಕನಿಗೂ ಇದೇ ಪ್ರಶ್ನೆ ಮುಖ್ಯವಾದುದು.

ಪ್ರಸಿದ್ಧ ಗಡಿಯಾರವೊಂದರ ರೂಪವನ್ನು ಅನುಸರಿಸಿ, ಆದರೆ ತಯಾರಕನ ಸ್ವಂತ ಹೆಸರನ್ನೇ ಡಯಲ್ ಮೇಲೆ ಮುದ್ರಿಸಿ ಮಾರುವ ಗಡಿಯಾರಕ್ಕೆ ಹೋಮೇಜ್ ಎನ್ನುತ್ತಾರೆ. ರೋಲೆಕ್ಸ್ ಕಂಪನಿಯ ಸಬ್‌ಮರಿನರ್ 1953ರ ಮಾದರಿ. ಕಪ್ಪು ಡಯಲ್, ದುಂಡು ಗುರುತುಗಳು, ತಿರುಗುವ ಹೊರಬಳೆ ಇದರ ಲಕ್ಷಣ. ಇದೇ ಚಹರೆಯ ಗಡಿಯಾರಗಳನ್ನು ಇನ್ವಿಕ್ಟಾ, ಸ್ಟೈನ್‌ಹಾರ್ಟ್, ಪಗಾನಿ ಡಿಸೈನ್ ಮುಂತಾದ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಮಾರುತ್ತವೆ. 1972ರಲ್ಲಿ ಬಂದ ಆಡೆಮಾರ್ ಪಿಗೆಯ ‘ರಾಯಲ್ ಓಕ್’ ಗಡಿಯಾರದ ಎಂಟು ಮೂಲೆಯ ಬಳೆಗೂ ಇಂತಹ ಅನುಯಾಯಿಗಳು ಬಹಳ. ಪೇಟೆಯ ಭಾಷೆಯಲ್ಲಿ ‘ಫಸ್ಟ್ ಕಾಪಿ’ ಎನ್ನಿಸಿಕೊಳ್ಳುವುದು ಬೇರೆಯೇ ಸರಕು. ಅದರಲ್ಲಿ ಮೂಲ ಕಂಪನಿಯ ಹೆಸರು ಮತ್ತು ಮುದ್ರೆಯನ್ನೇ ಒತ್ತಿರುತ್ತಾರೆ; ಅದು ನಕಲಿ. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮಾರುವ ಅಭ್ಯಾಸ ವರ್ತಕನನ್ನು ತೊಂದರೆಗೆ ಸಿಲುಕಿಸುತ್ತದೆ.

1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 103 ಮತ್ತು 104ನೇ ಕಲಮುಗಳ ಪ್ರಕಾರ ಸುಳ್ಳು ವ್ಯಾಪಾರ ಚಿಹ್ನೆ ಹಾಕುವುದಕ್ಕೂ, ಅಂತಹ ಸರಕನ್ನು ಮಾರುವುದಕ್ಕೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡವಿದೆ. ಸಗಟು ವ್ಯಾಪಾರಿ ಕೊಟ್ಟದ್ದನ್ನು ಮಾರಿದೆ ಎಂಬ ಮಾತೊಂದೇ ರಕ್ಷಣೆಯಾಗದು. ತಕ್ಕ ಎಚ್ಚರ ವಹಿಸಿದ್ದನ್ನು ಮಾರಾಟಗಾರನೇ ತೋರಿಸಬೇಕಾಗುತ್ತದೆ. ರೂಪದ ವಿಷಯ ಬೇರೆ. 2000ದ ವಿನ್ಯಾಸಗಳ ಅಧಿನಿಯಮದಡಿ ನೋಂದಾಯಿತ ವಿನ್ಯಾಸಕ್ಕೆ ಹತ್ತು ವರ್ಷ, ನವೀಕರಿಸಿದರೆ ಮತ್ತೈದು ವರ್ಷ, ಒಟ್ಟು ಹದಿನೈದು ವರ್ಷ ರಕ್ಷಣೆ. 1950ರ ದಶಕದ ಡಯಲ್ ವಿನ್ಯಾಸವನ್ನು ಇಂದು ಇತರರು ಅನುಸರಿಸಲು ಸಾಧ್ಯವಾಗಿರುವುದು ಇಂತಹ ಅವಧಿಗಳು ಕಳೆದಿರುವುದರಿಂದ. ಆದರೂ ಆಕಾರವನ್ನೇ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿದ್ದರೆ ಆ ರಕ್ಷಣೆ ನವೀಕರಣದಿಂದ ಮುಂದುವರಿಯುತ್ತಲೇ ಇರುತ್ತದೆ. ಹೆಸರಾಂತ ಚಿಹ್ನೆಗಳ ವಿಷಯದಲ್ಲಿ ನ್ಯಾಯಾಲಯಗಳು ಬಿಗಿಯಾಗಿವೆ: ಕೃತಕ ಒಡವೆಗಳಿಗೆ ರೋಲೆಕ್ಸ್ ಹೆಸರು ಬಳಸಿದ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2009ರಲ್ಲಿ ತಡೆಯಾಜ್ಞೆ ನೀಡಿತು. ಅಲ್ಲಿ ಮಾರುತ್ತಿದ್ದುದು ಗಡಿಯಾರವೇ ಅಲ್ಲ ಎಂಬುದು ಗಮನಾರ್ಹ.

ಇನ್ನು ಬೆಲೆಯ ವಿಚಾರ. ಹಳೆಯ ಗಡಿಯಾರಕ್ಕೆ ಬೆಲೆ ಬರುವುದು ವಿರಳತೆಯಿಂದ, ತಯಾರಕನ ಚರಿತ್ರೆಯಿಂದ, ಎಲ್ಲ ಭಾಗಗಳೂ ಮೂಲದವೇ ಆಗಿರುವುದರಿಂದ. ಹೋಮೇಜ್ ಗಡಿಯಾರದಲ್ಲಿ ಮೊದಲನೆಯದು ಇಲ್ಲ. ಬೇಡಿಕೆ ಇದ್ದಷ್ಟೂ ಕಾರ್ಖಾನೆ ತಯಾರಿಸುತ್ತದೆ. ಎರಡನೆಯದು ಎರವಲು ತಂದದ್ದು. ಒಳಗಿನ ಯಂತ್ರವೂ ಸಾಮಾನ್ಯವಾಗಿ ಸೈಕೋ ಸಮೂಹದ ಎನ್‌ಎಚ್35 ಅಥವಾ ಸಿಟಿಜನ್ ಸಮೂಹದ ಮಿಯೋಟಾ. ಇವು ಹಣ ಕೊಟ್ಟ ಯಾವ ತಯಾರಕನಿಗೂ ದೊರೆಯುತ್ತವೆ. ಸಂಗ್ರಾಹಕನಿಗೆ ಇದು ನಿರಾಶೆಯ ಸಂಗತಿಯಾದರೂ ಬಳಸುವವನಿಗೆ ಲಾಭವೇ ಸರಿ, ಏಕೆಂದರೆ ಬಿಡಿಭಾಗ ಸುಲಭ, ರಿಪೇರಿಯೂ ಸುಲಭ. ಆದ್ದರಿಂದ ಹೋಮೇಜ್ ಗಡಿಯಾರವನ್ನು ಕಟ್ಟಿಕೊಳ್ಳುವ ವಸ್ತುವೆಂದು ಮಾರುವುದು ನ್ಯಾಯ. ಹೂಡಿಕೆಯೆಂದು ಮಾರುವುದು ಗ್ರಾಹಕನನ್ನು ತಪ್ಪು ದಾರಿಗೆಳೆದಂತೆ.

ವರ್ತಕನ ಲೆಕ್ಕಕ್ಕೊಂದು ಉದಾಹರಣೆ. ತಲಾ ರೂ. 2,500ರಂತೆ 20 ಹೋಮೇಜ್ ಗಡಿಯಾರಗಳನ್ನು ರೂ. 50,000ಕ್ಕೆ ತಂದು, ಸುಗ್ಗಿಯಲ್ಲಿ 12ನ್ನು ರೂ. 3,200ರಂತೆ ಮಾರಿದರೆ ರೂ. 38,400 ಕೈಸೇರುತ್ತದೆ. ಅಷ್ಟರಲ್ಲಿ ಹೊಸ ಮಾದರಿ ಬಂದು, ಉಳಿದ 8ನ್ನು ರೂ. 1,800ರಂತೆ ತೀರಿಸಬೇಕಾಗಿ ಬಂದರೆ ರೂ. 14,400. ತೆರಿಗೆಯ ಲೆಕ್ಕ ಬಿಟ್ಟರೂ ಒಟ್ಟು ಲಾಭ ರೂ. 2,800. ಬಂಡವಾಳ ಎಂಟು ತಿಂಗಳು ಸಿಕ್ಕಿಕೊಂಡಿತ್ತೆಂದು ಭಾವಿಸಿ ಶೇ. 12ರ ಬಡ್ಡಿ ಹಾಕಿದರೆ ರೂ. 4,000. ಅಂದರೆ ಬಾಡಿಗೆ, ವಿದ್ಯುತ್ ಸೇರುವ ಮೊದಲೇ ರೂ. 1,200 ನಷ್ಟ. ಮೊದಲ ಹನ್ನೆರಡರ ಲಾಭವನ್ನು ಕೊನೆಯ ಎಂಟು ತಿಂದುಹಾಕಿದವು. ಇಂತಹ ಸರಕನ್ನು ನಾಲ್ಕಾರು ಸಂಖ್ಯೆಯಲ್ಲಿ ತಂದು ಬೇಗ ತಿರುಗಿಸುವುದೇ ಕ್ಷೇಮ.

ಹಳೆಯ ಎಚ್‌ಎಂಟಿಯ ಕಥೆ ಇದಕ್ಕೆ ಹೋಲಿಸಿ ನೋಡತಕ್ಕದ್ದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ನಡೆಯಿತು. ಜನತಾ, ಪೈಲಟ್ ಮಾದರಿಗಳ 17 ಕಲ್ಲಿನ, ಕೀಲಿ ಕೊಡುವ ಯಂತ್ರದ ಮೂಲ ಸಿಟಿಜನ್‌ನ ವಿನ್ಯಾಸವೇ. ಪೈಲಟ್‌ನ ಕಪ್ಪು ಡಯಲ್ ಮತ್ತು ದಪ್ಪ ಅಂಕಿಗಳು ಹಿಂದಿನ ಸೈನಿಕ ಗಡಿಯಾರಗಳನ್ನು ನೆನಪಿಸುತ್ತವೆ. ಕಟ್ಟುನಿಟ್ಟಾಗಿ ನೋಡಿದರೆ ಅದೂ ಒಂದು ಅನುಸರಣೆಯೇ. ಆದರೆ ಒಪ್ಪಂದದಿಂದ ಕಲಿತ ವಿದ್ಯೆಯನ್ನು ಇಲ್ಲಿನ ಕೆಲಸಗಾರರು ದಶಕಗಳ ಕಾಲ ನಡೆಸಿದರು; ಮದುವೆಯ ಗಂಡಿಗೂ ಪರೀಕ್ಷೆ ಪಾಸಾದ ಹುಡುಗನಿಗೂ ಕೊಡುವ ಉಡುಗೊರೆಯಾಗಿ ಆ ಹೆಸರು ಮನೆಮನೆಯಲ್ಲಿ ನೆಲೆಸಿತು. 2014ರಲ್ಲಿ ಮುಚ್ಚುವ ಸುದ್ದಿ ಹೊರಬಿದ್ದಾಗ ಕೊಳ್ಳುವವರ ನೂಕುನುಗ್ಗಲಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಅಂದಿನಿಂದ ಒಳ್ಳೆಯ ಸ್ಥಿತಿಯ ಹಳೆಯ ಮಾದರಿಗಳನ್ನು ಹುಡುಕಿಕೊಂಡು ಬರುವವರಿದ್ದಾರೆ. ಅನುಸರಣೆಯಾಗಿ ಹುಟ್ಟಿದ್ದು ಸ್ವಂತ ಚರಿತ್ರೆ ಪಡೆದರೆ ಮಾತ್ರ ಬೆಲೆ ಬರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆ ಸಿಟಿಜನ್ ಸಮೂಹದ ಯಂತ್ರವೇ ಇಂದು ಎಷ್ಟೋ ಹೋಮೇಜ್ ಗಡಿಯಾರಗಳ ಒಳಗೆ ಓಡುತ್ತಿದೆ ಎಂಬುದು ಒಂದು ವಿನೋದ.

ಈ ಬೇಡಿಕೆಯೇ ಮೋಸಕ್ಕೂ ದಾರಿ ಮಾಡಿದೆ. ತುಕ್ಕು ಹಿಡಿದ ಡಯಲ್‌ಗೆ ಹೊಸ ಬಣ್ಣ ಬಳಿದು, ಎಚ್‌ಎಂಟಿ ಎಂದು ಮತ್ತೆ ಮುದ್ರಿಸಿ, ಎರಡು ಮೂರು ಗಡಿಯಾರಗಳ ಭಾಗ ಸೇರಿಸಿ ಒಂದು ಮಾಡಿದ ಸರಕು ಸಗಟಾಗಿ ಬರುತ್ತಿದೆ. ಇಂತಹವನ್ನು ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಕರೆಯುತ್ತಾರೆ. ಕಂಪನಿ ಹೊರತರದೇ ಇದ್ದ ಕಡು ಬಣ್ಣಗಳು, ಹರಡಿಕೊಂಡ ಅಕ್ಷರಗಳು, ಅಳತೆಗೆ ಕೂರದ ಕೀಲಿ, ಅಂಚು ಕಳೆದುಕೊಳ್ಳುವಷ್ಟು ಪಾಲಿಶ್ ಮಾಡಿದ ಕೇಸ್ ಇದರ ಗುರುತು. ಭೂತಕನ್ನಡಿ ಹಿಡಿದು ಹಿಂಬದಿಯ ಮುಚ್ಚಳ ತೆಗೆದರೆ ಸಂದೇಹ ಬಹುಪಾಲು ಬಗೆಹರಿಯುತ್ತದೆ. ಗ್ರಾಹಕ ತನ್ನದೇ ಗಡಿಯಾರ ತಂದು ಡಯಲ್ ಸರಿಪಡಿಸೆಂದರೆ ಅದು ರಿಪೇರಿ. ಅದನ್ನೇ ಮೂಲವೆಂದು ಹೇಳಿ ಮಾರುವುದು ಬೇರೊಬ್ಬರ ಚಿಹ್ನೆಯನ್ನು ಸುಳ್ಳಾಗಿ ಹಾಕಿದ ಸರಕಿಗೆ ತೀರ ಸಮೀಪದ್ದು. ವಿಚಿತ್ರವೆಂದರೆ, ಸ್ವಂತ ಹೆಸರು ಹೊತ್ತ ವಿದೇಶಿ ಹೋಮೇಜ್‌ಗಿಂತ ಈ ಸ್ವದೇಶಿ ಸರಕೇ ಕಾನೂನಿನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿ.

ಹಳೆಯ ಗಡಿಯಾರ ಕೊಂಡು ಮಾರುವವರಿಗೆ ತೆರಿಗೆಯಲ್ಲೊಂದು ಅನುಕೂಲವಿದೆ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕ, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೇಂದ್ರ ಜಿಎಸ್‌ಟಿ ನಿಯಮಗಳ 32(5)ರಂತೆ ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕೊಡಬಹುದು. ರೂ. 1,500ಕ್ಕೆ ಕೊಂಡ ಗಡಿಯಾರವನ್ನು ರೂ. 2,800ಕ್ಕೆ ಮಾರಿದರೆ ಶೇ. 18ರ ತೆರಿಗೆ ರೂ. 1,300ರ ಮೇಲೆ, ಅಂದರೆ ರೂ. 234, ಪೂರ್ತಿ ಬೆಲೆಯ ಮೇಲಾದರೆ ರೂ. 504 ಆಗುತ್ತಿತ್ತು. ವಸ್ತುವಿನ ಸ್ವರೂಪ ಬದಲಾಗದಷ್ಟು ಸಣ್ಣಪುಟ್ಟ ದುರಸ್ತಿಗೆ ಅಡ್ಡಿಯಿಲ್ಲ. ಬಿಡಿಭಾಗ ಕೂಡಿಸಿ ಹೊಸದನ್ನೇ ಕಟ್ಟಿದರೆ ಈ ಸವಲತ್ತನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಖರೀದಿ ಚೀಟಿಯಲ್ಲಿ ಮಾರಿದವನ ಹೆಸರು, ವಿಳಾಸ, ಸಹಿ ಇರಲೇಬೇಕು; ಕದ್ದ ಮಾಲಿನ ತಾಪತ್ರಯಕ್ಕೂ ಇದೇ ಮದ್ದು.

ಮಾರಾಟದ ರಸೀದಿಯನ್ನು ‘ವಾಚು - 1’ ಎಂದು ಬರೆದು ಮುಗಿಸುವ ರೂಢಿ ನಮ್ಮ ಊರುಗಳಲ್ಲಿ ಸಾಮಾನ್ಯ. ಡಯಲ್ ಮೇಲಿನ ಹೆಸರು, ಯಂತ್ರದ ಬಗೆ, ಡಯಲ್ ಮೂಲದ್ದೋ ಮರುಮುದ್ರಿತವೋ, ಬದಲಿಸಿದ ಭಾಗಗಳು ಯಾವುವು ಎಂದು ನಾಲ್ಕು ಸಾಲು ಬರೆದರೆ ಜಗಳ ತಪ್ಪುತ್ತದೆ. ನಾಗರಹೊಳೆ, ಕಬಿನಿ, ಬೈಲುಕುಪ್ಪೆಗೆ ಬರುವ ಪ್ರವಾಸಿಗಳಲ್ಲಿ ಹಳೆಯ ಗಡಿಯಾರ ಬಲ್ಲವರೂ ಇರುತ್ತಾರೆ. ಅವರು ಮೊದಲು ಕೇಳುವುದು ಇದನ್ನೇ. ಮರುಮುದ್ರಿತ ಡಯಲ್ ಎಂದು ಬರೆದುಕೊಟ್ಟ ಗಡಿಯಾರಕ್ಕೆ ಬೆಲೆ ಒಂದಿಷ್ಟು ಕಡಿಮೆ ಬಂದರೂ ಅದು ಮರಳಿ ಅಂಗಡಿಯ ಬಾಗಿಲಿಗೆ ಬರುವುದಿಲ್ಲ.